ಗೆರೆಯ ಮೈ, ಮನುಷ್ಯರ ಮೈ

ಒಂದು ಅನಿಮೇಷನ್ ಸರಣಿಯ ಪಾತ್ರಗಳು ತಮ್ಮದೇ ಕಥೆಯ ನಾಟಕ ನೋಡಲು ಹೋಗುತ್ತವೆ. ಸರಣಿಯ ಹೆಸರು ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’. ಆ ಕಂತು ‘ದಿ ಎಂಬರ್ ಐಲ್ಯಾಂಡ್ ಪ್ಲೇಯರ್ಸ್’. ಅಮೆರಿಕದ ನಿಕೆಲೋಡಿಯನ್ ವಾಹಿನಿಯಲ್ಲಿ ಅದು ಪ್ರಸಾರವಾದದ್ದು 2008ರ ಜುಲೈ 18ರಂದು. ಶತ್ರುದೇಶದ ಒಂದು ದ್ವೀಪದಲ್ಲಿ ತಲೆಮರೆಸಿಕೊಂಡಿರುವ ಆಂಗ್ ಮತ್ತವನ ಗೆಳೆಯರಿಗೆ ಅಲ್ಲಿನ ನಾಟಕ ಕಂಪನಿಯ ಪೋಸ್ಟರ್ ಸಿಗುತ್ತದೆ. ನಾಟಕ ಇವರ ಮೇಲೆಯೇ. ನಾಟಕಕಾರ ಜಗತ್ತೆಲ್ಲ ಸುತ್ತಿ ಮಾಹಿತಿ ಕಲೆಹಾಕಿದ್ದಾನಂತೆ. ಅವನ ಆಕರಗಳು: ಅಲೆಮಾರಿ ಹಾಡುಗಾರರು, ಕಡಲ್ಗಳ್ಳರು, ಯುದ್ಧಕೈದಿಗಳು, ಮತ್ತು ಎಲೆಕೋಸು ಮಾರುವ ಒಬ್ಬ ವ್ಯಾಪಾರಿ. (ಸಂಶೋಧನೆ ಮಾಡುವವರಿಗೆ ಈ ಆಕರಪಟ್ಟಿ ಕಂಡು ನಗು ಬರುವುದರ ಜೊತೆಗೆ ಒಂಚೂರು ಮುಜುಗರವೂ ಆಗುತ್ತದೆ.)

ರಂಗದ ಮೇಲೆ ಆಂಗ್ ಆಗಿ ಬರುವವಳು ಒಬ್ಬ ಹೆಂಗಸು. ಕಟಾರಾಳ ಪಾತ್ರಧಾರಿಣಿ ಮಾತಿಗೊಮ್ಮೆ ಕಣ್ಣೀರಿಡುತ್ತ ಭರವಸೆಯ ಭಾಷಣ ಬಿಗಿಯುತ್ತಾಳೆ. ಕಣ್ಣು ಕಾಣದ ಪುಟ್ಟ ಹುಡುಗಿ ಟಾಫ್‌ಳ ಪಾತ್ರಕ್ಕೆ ಜಟ್ಟಿಯಂಥ ಗಂಡಸನ್ನು ಹಾಕಿದ್ದಾರೆ. ಉಳಿದವರೆಲ್ಲ ಮುಖ ಸಿಂಡರಿಸಿಕೊಂಡು ಕೂತಿದ್ದರೆ ಟಾಫ್‌ಗೆ ಮಾತ್ರ ತನ್ನ ಈ ರೂಪ ಬಲು ಹಿಡಿಸುತ್ತದೆ. ರಂಗದ ಜೂಕೊನ ಮುಖದ ಸುಟ್ಟ ಕಲೆ ಎಡಗಣ್ಣಿನ ಬದಲು ಬಲಗಣ್ಣಿಗೆ ಬಂದಿದೆ. ವಿರಾಮದಲ್ಲಿ ವೇಷ ಹಾಕಿಕೊಂಡ ಒಬ್ಬ ಪೋರ ನಿಜವಾದ ಜೂಕೊನನ್ನೇ ನೋಡಿ, ವೇಷವೇನೋ ಚೆನ್ನಾಗಿದೆ, ಆದರೆ ಕಲೆ ತಪ್ಪು ಕಡೆ ಇದೆ ಎಂದು ಹೇಳಿ ಓಡಿಹೋಗುತ್ತಾನೆ. ನಾಟಕದ ಕೊನೆಗೆ ಆಂಗ್ ಸಾಯುತ್ತಾನೆ, ಅಗ್ನಿರಾಜ ಗೆಲ್ಲುತ್ತಾನೆ, ಸಭಿಕರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಸಪ್ಪೆ ಮೋರೆ ಹಾಕಿಕೊಂಡು ಹೊರಬಂದ ಗೆಳೆಯರು ನಾಟಕ ಕೆಟ್ಟದಾಗಿತ್ತೆಂದು ಒಪ್ಪುತ್ತಾರೆ. ಸೊಕ್ಕಾ ಮಾತ್ರ, ಎಫೆಕ್ಟುಗಳು ಅಡ್ಡಿಯಿಲ್ಲ ಅನ್ನುತ್ತಾನೆ.

ಇದಕ್ಕೂ ಮೊದಲೇ, 2007ರ ಜನವರಿಯಲ್ಲಿ, ಈ ಸರಣಿಯನ್ನು ಮನುಷ್ಯ ನಟರ ಸಿನಿಮಾ ಮಾಡುವುದಾಗಿ ಪ್ಯಾರಾಮೌಂಟ್ ಸಂಸ್ಥೆ ಘೋಷಿಸಿತ್ತು. ನಿರ್ದೇಶಕ ಎಂ. ನೈಟ್ ಶ್ಯಾಮಲನ್. 2010ರ ಜುಲೈ 1ರಂದು ಆ ಸಿನಿಮಾ ತೆರೆಗೆ ಬಂದಾಗ ಸರಣಿಯನ್ನು ಪ್ರೀತಿಸಿದವರ ಗತಿ ಎಂಬರ್ ದ್ವೀಪದ ಆ ಆರು ಜನರ ಗತಿಯೇ ಆಯಿತು. ಈ ಹೋಲಿಕೆಯನ್ನು ಅಭಿಮಾನಿಗಳು ತಮಾಷೆಗಾಗಿ ಸಾವಿರ ಸಲ ಮಾಡಿದ್ದಾರೆ. ನನಗೆ ಅದರಲ್ಲಿ ತಮಾಷೆಗಿಂತ ಹೆಚ್ಚಿನದೇನೋ ಇದೆ ಅನ್ನಿಸುತ್ತದೆ. ಆ ನಾಟಕ ಕೆಟ್ಟದ್ದಾಗಿದ್ದು ನಟರು ಕೆಟ್ಟವರು ಎಂಬ ಕಾರಣಕ್ಕೆ ಮಾತ್ರವಲ್ಲ. ಅದು ಗೆದ್ದವರ ಊರಿನಲ್ಲಿ, ಗೆದ್ದವರಿಗಾಗಿ ಆಡಿದ ನಾಟಕ. ಯಾರ ಮೈ ಯಾರ ಪಾತ್ರವನ್ನು ಹೊರುತ್ತದೆ, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗೆ ಅಮೆರಿಕದ ಸಿನಿಮಾದಲ್ಲಿ ಒಂದು ಉದ್ದನೆಯ ಚರಿತ್ರೆ ಇದೆ. ಗೆರೆಯಲ್ಲಿ ಬರೆದ ಲೋಕವೊಂದು ಮನುಷ್ಯರ ಸಿನಿಮಾ ಆಗುವುದು ಹೇಗೆ ಎಂಬ ಪ್ರಶ್ನೆಯನ್ನು ಆ ಚರಿತ್ರೆಯನ್ನು ಬಿಟ್ಟು ಕೇಳಲು ಬರುವುದಿಲ್ಲ.

ನೋಡದವರಿಗಾಗಿ ಎರಡು ಮಾತು. ಮೈಕಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಜ್ಕೊ ಎಂಬಿಬ್ಬರು ಸೃಷ್ಟಿಸಿದ ಈ ಸರಣಿ 2005ರ ಫೆಬ್ರವರಿಯಿಂದ 2008ರ ಜುಲೈವರೆಗೆ ನಡೆಯಿತು. ನೀರು, ಮಣ್ಣು, ಬೆಂಕಿ ಎಂಬ ಮೂರು ‘ಪುಸ್ತಕ’ಗಳು, ಒಟ್ಟು 61 ಕಂತು. ನಾಲ್ಕು ಜನಾಂಗಗಳ ಲೋಕ. ಪ್ರತಿ ಜನಾಂಗದಲ್ಲೂ ಕೆಲವರಿಗೆ ತಮ್ಮ ಭೂತತತ್ತ್ವವನ್ನು ಕೈಬೀಸಿ ಬಾಗಿಸುವ ವಿದ್ಯೆ ಗೊತ್ತು. ನಾಲ್ಕನ್ನೂ ಬಾಗಿಸಬಲ್ಲವನು ಒಬ್ಬನೇ, ಅವನು ಅವತಾರ. ಹನ್ನೆರಡು ವರ್ಷದ ಆಂಗ್ ಆ ಹೊಣೆಗೆ ಹೆದರಿ ಓಡಿಹೋಗಿ ಹಿಮಗಡ್ಡೆಯಲ್ಲಿ ಸಿಕ್ಕಿಕೊಳ್ಳುತ್ತಾನೆ. ನೂರು ವರ್ಷದ ಮೇಲೆ ಎಚ್ಚರವಾದಾಗ ಅಗ್ನಿರಾಷ್ಟ್ರ ಅರ್ಧ ಲೋಕವನ್ನು ನುಂಗಿದೆ. ಅವನ ವಾಯು ಜನಾಂಗದಲ್ಲಿ ಅವನೊಬ್ಬನ ಹೊರತು ಯಾರೂ ಉಳಿದಿಲ್ಲ. ಮಕ್ಕಳ ವಾಹಿನಿಯೊಂದು ಇದನ್ನು, ಜನಾಂಗಹತ್ಯೆಯಲ್ಲಿ ಉಳಿದ ಒಬ್ಬನೇ ಹುಡುಗನ ಕಥೆಯನ್ನು, ನಗುನಗುತ್ತ ಹೇಳಿತು. 2008ರ ಪೀಬಡಿ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

‘ಅವತಾರ’ ಎಂಬ ಪದ ನಮ್ಮದು, ಆದರೆ ಅದರೊಳಗಿನ ಕಲ್ಪನೆ ಬೇರೆಡೆಯಿಂದ ಬಂದದ್ದು. ಧರ್ಮಕ್ಕೆ ಚ್ಯುತಿ ಬಂದಾಗ ಮೇಲಿನಿಂದ ಇಳಿದು ಬರುವ ದೇವರು ಇಲ್ಲಿಲ್ಲ. ಒಬ್ಬ ಸತ್ತ ಕೂಡಲೇ ಇನ್ನೊಂದು ಜನಾಂಗದಲ್ಲಿ ಹುಟ್ಟುವ, ಚಕ್ರದಂತೆ ಸುತ್ತುವ ಮನುಷ್ಯ ಇದ್ದಾನೆ. ಪುಟ್ಟ ಮಗುವಿನ ಮುಂದೆ ಸಾವಿರಾರು ಆಟಿಕೆ ಹರಡಿದಾಗ ಅದು ಹಿಂದಿನ ಅವತಾರಗಳ ನಾಲ್ಕನ್ನೇ ಆರಿಸಿಕೊಳ್ಳುವ ಪರೀಕ್ಷೆ, ದಲಾಯಿ ಲಾಮಾ ಅವರಂಥ ಪುನರ್ಜನ್ಮ ಗುರುಗಳನ್ನು ಗುರುತಿಸುವ ಟಿಬೆಟ್ಟಿನ ಪದ್ಧತಿಯಿಂದ ಬಂದದ್ದು. ಆಂಗ್‌ನ ಗುರುವಿನ ಹೆಸರು ಗ್ಯಾತ್ಸೊ. ಈಗಿನ ದಲಾಯಿ ಲಾಮಾ ಅವರ ಹೆಸರು ತೆಂಜಿನ್ ಗ್ಯಾತ್ಸೊ. ದಕ್ಷಿಣದ ಜಲ ಜನಾಂಗದ ಉಡುಗೆ ಮನೆ ದೋಣಿಗಳಲ್ಲಿ ಉತ್ತರಧ್ರುವದ ಇನ್ಯೂಟ್ ಜನರ ಬದುಕಿದೆ. ಮಣ್ಣಿನ ಸಾಮ್ರಾಜ್ಯದ ಗೋಡೆಗಳು ಚೀನಾದವು. ಅಗ್ನಿರಾಷ್ಟ್ರದ ಉಕ್ಕು, ಹಡಗು ಮತ್ತು ವಸಾಹತುಗಳ ಹಿಂದೆ ಇಪ್ಪತ್ತನೆಯ ಶತಮಾನದ ಮೊದಲರ್ಧದ ಜಪಾನಿ ಸಾಮ್ರಾಜ್ಯದ ನೆರಳಿದೆ. ಭಾರತ ಎಲ್ಲಿ ಎಂದರೆ, ಪಾಳುಬಿದ್ದ ದೇವಾಲಯದಲ್ಲಿ ಈರುಳ್ಳಿ-ಬಾಳೆಹಣ್ಣಿನ ಪಾನಕ ಕುಡಿದುಕೊಂಡು ಏಳು ಚಕ್ರಗಳ ಪಾಠ ಹೇಳುವ ಗುರು ಪಥಿಕ್. ಇಡೀ ಏಷ್ಯಾವನ್ನು ಹಂಚುವಾಗ ನಮ್ಮ ಪಾಲಿಗೆ ಬರುವುದು ಯಾವಾಗಲೂ ಗುರುವಿನ ಪಾತ್ರವೇ.

ಈ ಲೋಕವನ್ನು ಕಟ್ಟಿದವರು ಏಷ್ಯಾದವರಲ್ಲ. ಇಬ್ಬರು ಬಿಳಿಯ ಅಮೆರಿಕನ್ನರು. ಆಂಗ್, ಕಟಾರಾ, ಸೊಕ್ಕಾ ಈ ಮೂವರಿಗೆ ಧ್ವನಿ ಕೊಟ್ಟವರೂ ಬಿಳಿಯರೇ. ಸಿನಿಮಾವನ್ನು ಬೈಯುವ ಉತ್ಸಾಹದಲ್ಲಿ ಇದನ್ನು ಬಹಳ ಮಂದಿ ಮರೆಯುತ್ತಾರೆ. ಹಾಗಿದ್ದರೆ ಸರಣಿಗೆ ಯಾಕೆ ಅದೇ ಆಕ್ಷೇಪ ಬರಲಿಲ್ಲ? ಒಂದು ಕಾರಣ, ಅವರು ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಂದ ಕೇಳಿ ತಿಳಿದುಕೊಂಡರು. ತೆರೆಯ ಮೇಲೆ ಕಾಣುವ ಚೀನೀ ಅಕ್ಷರಗಳನ್ನು ಬರೆಯಲು ಸಿಯು-ಲ್ಯುಂಗ್ ಲೀ ಎಂಬ ಲಿಪಿಕಾರರಿದ್ದರು. ಶೀರ್ಷಿಕೆಯಲ್ಲಿ ಬರುವ ನಾಲ್ಕು ಅಕ್ಷರಗಳಲ್ಲಿ ಮೊದಲೆರಡರ ಅರ್ಥ ಲೋಕಕ್ಕೆ ಇಳಿದು ಬರುವುದು ಎಂದೇ. ಸಂಸ್ಕೃತಿಯ ವಿಷಯಕ್ಕೆ ಎಡ್ವಿನ್ ಜೇನ್ ಎಂಬ ಸಲಹೆಗಾರರಿದ್ದರು. ಚಿತ್ರಗಳನ್ನು ಚಲಿಸುವಂತೆ ಮಾಡಿದ್ದು ದಕ್ಷಿಣ ಕೊರಿಯಾದ ಡಿಆರ್ ಮೂವಿ, ಜೆಎಂ ಅನಿಮೇಷನ್, ಮೊಯ್ ಅನಿಮೇಷನ್ ಎಂಬ ಸ್ಟುಡಿಯೊಗಳು.

ಇನ್ನೊಂದು ಕಾರಣವೇ ಈ ಬರಹದ ಹೂರಣ. ಭೂತಗಳನ್ನು ಬಾಗಿಸುವ ಪ್ರತಿಯೊಂದು ಚಲನೆಯೂ ನಿಜವಾದ ಚೀನೀ ಸಮರಕಲೆಯಿಂದ ಬಂದದ್ದು. ನೀರಿಗೆ ತಾಯ್ ಚಿ, ಮಣ್ಣಿಗೆ ಹಂಗ್ ಗಾರ್, ಬೆಂಕಿಗೆ ಉತ್ತರದ ಶಾವೊಲಿನ್, ಗಾಳಿಗೆ ವೃತ್ತದಲ್ಲಿ ಸುತ್ತುತ್ತ ಆಡುವ ಬಾಗ್ವಾಜಾಂಗ್. ಕಣ್ಣು ಕಾಣದ ಟಾಫ್‌ಗೆ ಮಾತ್ರ ಪ್ರತ್ಯೇಕವಾಗಿ ದಕ್ಷಿಣದ ಮಿಡತೆ ಶೈಲಿ. ಸಿಫು ಕಿಸು ಎಂಬ ಗುರು ಮತ್ತು ಅವರ ಸಂಗಡಿಗರು ಈ ವರಸೆಗಳನ್ನು ಆಡಿ ತೋರಿಸುತ್ತಿದ್ದರು, ಅದನ್ನು ವಿಡಿಯೊ ಮಾಡಲಾಗುತ್ತಿತ್ತು, ಕಲಾವಿದರು ಅದನ್ನು ನೋಡಿಕೊಂಡು ಬರೆಯುತ್ತಿದ್ದರು. ಅಂದರೆ ಈ ಸರಣಿಯಲ್ಲಿ ಗೆರೆಗಿಂತ ಮೊದಲು ಮೈ ಇತ್ತು. ಬೆವರುವ, ಉಸಿರು ಬಿಗಿಹಿಡಿಯುವ, ನೆಲಕ್ಕೆ ಪಾದ ಊರುವ ಮನುಷ್ಯರ ಮೈ. ಅನಿಮೇಷನ್ನಿನಲ್ಲಿ ಹುಟ್ಟಿದ್ದನ್ನು ಅಲ್ಲೇ ಬಿಡಬೇಕು, ಮನುಷ್ಯರ ಸಿನಿಮಾ ಮಾಡಲೇಬಾರದು ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕಾಗಿ. ಇದನ್ನು ಸಿನಿಮಾ ಮಾಡುವುದೆಂದರೆ ಗೆರೆಯನ್ನು ಅದು ಹೊರಟುಬಂದ ಮನೆಗೆ ಮರಳಿ ಕಳಿಸಿದಂತೆ. ಸರಿಯಾದ ಮನೆಗೆ ಕಳಿಸಬೇಕು, ಅಷ್ಟೇ.

ಇಲ್ಲಿ ಮಾಕೊ ಅವರನ್ನು ನೆನೆಯದೆ ಮುಂದೆ ಹೋಗಲಾಗುವುದಿಲ್ಲ. ಸರಣಿಯ ಎಲ್ಲರ ಅಚ್ಚುಮೆಚ್ಚಿನ ಮುದುಕ, ಚಹಾಪ್ರಿಯ ಐರೊನಿಗೆ ಮೊದಲೆರಡು ಪುಸ್ತಕಗಳಲ್ಲಿ ಧ್ವನಿಯಾದವರು ಅವರು. 1933ರಲ್ಲಿ ಜಪಾನಿನ ಕೋಬೆಯಲ್ಲಿ ಹುಟ್ಟಿದ ಮಾಕೊ ಎರಡನೆಯ ಮಹಾಯುದ್ಧದ ನಂತರ ಅಮೆರಿಕಕ್ಕೆ ಹೋದರು. ‘ದಿ ಸ್ಯಾಂಡ್ ಪೆಬಲ್ಸ್’ (1966) ಸಿನಿಮಾದಲ್ಲಿನ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಅದಕ್ಕೆ ಒಂದು ವರ್ಷ ಮೊದಲು, 1965ರಲ್ಲಿ, ಅವರು ಕೆಲವು ಗೆಳೆಯರೊಡನೆ ಲಾಸ್ ಏಂಜಲಿಸ್‌ನಲ್ಲಿ ‘ಈಸ್ಟ್ ವೆಸ್ಟ್ ಪ್ಲೇಯರ್ಸ್’ ಎಂಬ ನಾಟಕ ತಂಡ ಕಟ್ಟಿದ್ದರು. ಏಷ್ಯಾ ಮೂಲದ ನಟರಿಗೆ ಹಾಲಿವುಡ್ ಕೊಡುತ್ತಿದ್ದದ್ದು ಅಡುಗೆಯವನ, ಬಟ್ಟೆ ಒಗೆಯುವವನ, ಗೂಢಚಾರನ ಪಾತ್ರ ಮಾತ್ರ. ಪಾತ್ರ ದೊಡ್ಡದಾದ ಕೂಡಲೇ ಅದು ಬಿಳಿಯ ನಟರ ಪಾಲಾಗುತ್ತಿತ್ತು. 1937ರ ‘ದಿ ಗುಡ್ ಅರ್ತ್’ನಲ್ಲಿ ಚೀನಾದ ರೈತ ದಂಪತಿಯಾಗಿ ನಟಿಸಿದವರು ಪಾಲ್ ಮುನಿ ಮತ್ತು ಲೂಯಿಸ್ ರೈನರ್, ರೈನರ್‌ಗೆ ಆ ಪಾತ್ರಕ್ಕೆ ಆಸ್ಕರ್ ಬಂತು, ಆ ಹೊತ್ತಿನ ಹೆಸರಾಂತ ಚೀನೀ-ಅಮೆರಿಕನ್ ನಟಿ ಅನಾ ಮೇ ವಾಂಗ್‌ಗೆ ಆ ಪಾತ್ರವೇ ಸಿಗಲಿಲ್ಲ. 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ನಲ್ಲಿ ಮಿಕಿ ರೂನಿ ಕೃತಕ ಹಲ್ಲು ಕಟ್ಟಿಕೊಂಡು ಜಪಾನಿಯವನಾದರು. 1972ರಲ್ಲಿ ಶುರುವಾದ ‘ಕುಂಗ್ ಫು’ ಟಿವಿ ಧಾರಾವಾಹಿಯಲ್ಲಿ ಶಾವೊಲಿನ್ ಸನ್ಯಾಸಿಯಾದವರು ಡೇವಿಡ್ ಕ್ಯಾರಡೀನ್. ಆಂಗ್‌ನ ಬೋಳುತಲೆಗೂ ಆ ಸನ್ಯಾಸಿಯ ಬೋಳುತಲೆಗೂ ನಡುವೆ ಮೂವತ್ತಮೂರು ವರ್ಷ.

ಮಾಕೊ 2006ರ ಜುಲೈನಲ್ಲಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ‘ಟೇಲ್ಸ್ ಆಫ್ ಬಾ ಸಿಂಗ್ ಸೇ’ ಕಂತಿನಲ್ಲಿ ಐರೊ ದಿನವಿಡೀ ಊರವರಿಗೆಲ್ಲ ಸಣ್ಣಪುಟ್ಟ ಉಪಕಾರ ಮಾಡುತ್ತ ಹೋಗಿ, ಸಂಜೆ ಗುಡ್ಡದ ಮೇಲೆ, ಯುದ್ಧದಲ್ಲಿ ಸತ್ತ ತನ್ನ ಮಗನ ಚಿತ್ರವಿಟ್ಟು ಹಾಡುತ್ತಾನೆ. ಆ ಭಾಗವನ್ನು ಮಾಕೊ ಅವರ ಗೌರವಕ್ಕೆ ಅರ್ಪಿಸಲಾಗಿದೆ.

ಇಂಥ ಮನುಷ್ಯನ ಧ್ವನಿ ಹೊತ್ತ ಸರಣಿಯನ್ನು ಸಿನಿಮಾ ಮಾಡುವಾಗ ಏನಾಯಿತು? ಮುಖ್ಯ ಪಾತ್ರಗಳಿಗೆ ನಟರನ್ನು ಕರೆದ ಪ್ರಕಟಣೆಯಲ್ಲಿ ಬಿಳಿಯ ಅಥವಾ ಬೇರೆ ಯಾವುದೇ ಜನಾಂಗದವರು ಎಂದಿತ್ತು. ಆ ‘ಅಥವಾ’ದಲ್ಲೇ ಎಲ್ಲ ಇದೆ, ಬಿಳಿಬಣ್ಣಕ್ಕೆ ಹೆಸರಿದೆ, ಉಳಿದದ್ದೆಲ್ಲ ‘ಬೇರೆ’. 2008ರ ಡಿಸೆಂಬರಿನಲ್ಲಿ ಹೊರಬಿದ್ದ ನಾಲ್ಕು ಹೆಸರುಗಳೂ ಬಿಳಿಯರವೇ: ನೋವಾ ರಿಂಗರ್, ನಿಕೋಲಾ ಪೆಲ್ಟ್ಸ್, ಜ್ಯಾಕ್ಸನ್ ರಾತ್‌ಬೋನ್, ಜೆಸ್ಸಿ ಮೆಕಾರ್ಟ್ನಿ. ಅಭಿಮಾನಿಗಳು ಪತ್ರ ಚಳವಳಿ ಶುರುಮಾಡಿದರು. ‘ರೇಸ್‌ಬೆಂಡಿಂಗ್’ ಎಂಬ ಸಂಘಟನೆ ಹುಟ್ಟಿಕೊಂಡಿತು, ಆ ಪದವೂ ಹುಟ್ಟಿಕೊಂಡಿತು. ಇನ್ನೂ ಸ್ವಲ್ಪ ದಿನಕ್ಕೆ ಮೆಕಾರ್ಟ್ನಿ ಹೊರನಡೆದು, ‘ಸ್ಲಂಡಾಗ್ ಮಿಲಿಯನೇರ್’ನಿಂದ ಆಗಷ್ಟೇ ಮನೆಮಾತಾಗಿದ್ದ ದೇವ್ ಪಟೇಲ್ ಜೂಕೊ ಆದರು. ಅಗ್ನಿರಾಷ್ಟ್ರದ ಸೇನಾಧಿಪತಿಯಾಗಿ ಆಸಿಫ್ ಮಾಂಡ್ವಿ, ಐರೊ ಆಗಿ ಇರಾನ್ ಮೂಲದ ಶಾನ್ ಟೋಬ್ ಬಂದರು. ಅಲ್ಲಿಗೆ ಚಿತ್ರ ಸ್ಪಷ್ಟವಾಯಿತು. ಕಾಪಾಡುವ ಮೂವರು ಬಿಳಿಯರು, ಸುಡುವವರು ಕಂದುಬಣ್ಣದವರು, ಕಾಪಾಡಿಸಿಕೊಳ್ಳುವ ಹಳ್ಳಿಗರ ಗುಂಪು ಏಷ್ಯಾದವರು.

ಇದನ್ನು ಮಾಡಿದ ನಿರ್ದೇಶಕ ಮಾಹೆಯಲ್ಲಿ ಹುಟ್ಟಿ ಫಿಲಡೆಲ್ಫಿಯಾದ ಬಳಿ ಬೆಳೆದವರು. ತಮ್ಮ ಮಗಳು ಹ್ಯಾಲೊವೀನ್ ಹಬ್ಬಕ್ಕೆ ಕಟಾರಾಳ ವೇಷ ಹಾಕುತ್ತೇನೆಂದು ಹಟಮಾಡಿದ್ದರಿಂದ ಸರಣಿಯ ಪರಿಚಯವಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಭಾರತೀಯ ಮೂಲದ ಒಬ್ಬ ಹುಡುಗಿ ಕಟಾರಾಳಲ್ಲಿ ತನ್ನನ್ನು ಕಂಡುಕೊಂಡಳು. ಅದರಿಂದ ಹೊರಟ ಸಿನಿಮಾದಲ್ಲಿ ಕಟಾರಾ ಬಿಳಿಯಳಾದಳು. ಶ್ಯಾಮಲನ್ ಅವರ ಸಮರ್ಥನೆ, ಈ ಶೈಲಿಯ ಚಿತ್ರಗಳಲ್ಲಿ ಮುಖಗಳು ಯಾವ ಜನಾಂಗಕ್ಕೂ ಸೇರದಂತೆ ಇರುತ್ತವೆ, ಯಾರು ಬೇಕಾದರೂ ತಮ್ಮನ್ನು ಅಲ್ಲಿ ಕಾಣಬಹುದು ಎಂಬುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಗೆರೆ ನಿಜವಾಗಿಯೂ ಉದಾರಿ; ದೊಡ್ಡ ಕಣ್ಣು, ಚಿಕ್ಕ ಮೂಗು ಯಾರದ್ದೂ ಆಗಬಹುದು, ಅದರ ಹಿಂದೆ ಯಾರ ಧ್ವನಿಯೂ ಅಡಗಬಹುದು. ಮನುಷ್ಯರ ಮೈಗೆ ಈ ಉದಾರತೆ ಇಲ್ಲ. ಕ್ಯಾಮೆರಾದ ಮುಂದೆ ನಿಂತ ಕೂಡಲೇ ಅದು ಯಾರದ್ದೋ ಒಬ್ಬರದ್ದಾಗುತ್ತದೆ. ಆಗ ‘ಯಾರದ್ದೂ ಆಗಬಹುದು’ ಎಂದು ಹೇಳುತ್ತ ಆರಿಸಿದವರು ಕೊನೆಗೆ ಯಾರನ್ನು ಆರಿಸಿದರು ಎಂಬುದಷ್ಟೇ ಉಳಿಯುತ್ತದೆ. ಶ್ಯಾಮಲನ್ ಬಿಳಿಯರ ಪಕ್ಷಪಾತಿ ಎಂದು ನಾನು ಹೇಳಲಾರೆ. ನಾಯಕ ಎಂದ ಕೂಡಲೇ ಒಂದು ಬಣ್ಣ ತಾನಾಗಿ ಮನಸ್ಸಿಗೆ ಬರುವಂತೆ ಮಾಡಿಟ್ಟ ಎಪ್ಪತ್ತು ವರ್ಷದ ಅಭ್ಯಾಸ ಅವರ ಕೈಯಿಂದ ಕೆಲಸ ಮಾಡಿಸಿತು.

ಉಚ್ಚಾರದ ಪ್ರಸಂಗ ಇದಕ್ಕೆ ಒಳ್ಳೆಯ ಸಾಕ್ಷಿ. ಸರಣಿಯಲ್ಲಿ ಅಮೆರಿಕನ್ ಬಾಯಿಗೆ ಬಂದಂತೆ ‘ಆ್ಯಂಗ್’, ‘ಐರೊ’, ‘ಆ್ಯವಟಾರ್’ ಎಂದು ಹೇಳುತ್ತಿದ್ದರು. ಏಷ್ಯಾದ ಉಚ್ಚಾರಕ್ಕೆ ನಿಷ್ಠರಾಗಿರಬೇಕೆಂದು ಸಿನಿಮಾದಲ್ಲಿ ‘ಆಂಗ್’, ‘ಈರೊ’, ‘ಆವತಾರ್’ ಮಾಡಿಸಿದರು. ಕನ್ನಡದ ಕಿವಿಗೆ ಎರಡೂ ಸರಿಯಲ್ಲ, ಮೊದಲಕ್ಷರ ಹ್ರಸ್ವ, ಅದಿರಲಿ. ಹೆಸರಿನ ಸ್ವರ ತಿದ್ದಲು ಪಟ್ಟ ಶ್ರಮವನ್ನು ಹೆಸರು ಹೊತ್ತವರ ಮುಖಕ್ಕೆ ಪಡಲಿಲ್ಲವಲ್ಲ!

ಸಿನಿಮಾ ಸೋತದ್ದು ಇದೊಂದೇ ಕಾರಣಕ್ಕಲ್ಲ. ಸುಮಾರು 15 ಕೋಟಿ ಡಾಲರ್ ಸುರಿದ ಸಿನಿಮಾ ಲೋಕದೆಲ್ಲೆಡೆಯಿಂದ 32 ಕೋಟಿಯಷ್ಟು ಗಳಿಸಿತಾದರೂ ಐದು ರ‍್ಯಾಜಿ ‘ಪ್ರಶಸ್ತಿ’ಗಳನ್ನು ಹೊತ್ತುಕೊಂಡಿತು, ಅದರಲ್ಲೊಂದು ಕೆಟ್ಟ ತ್ರೀಡಿಗಾಗಿಯೇ ಹುಟ್ಟಿಸಿದ್ದು. ಮೂರು ಭಾಗ ಮಾಡುವ ಯೋಜನೆ ಒಂದಕ್ಕೇ ನಿಂತಿತು. ಇಪ್ಪತ್ತು ಕಂತುಗಳ ಮೊದಲ ಪುಸ್ತಕವನ್ನು, ಏಳು ಗಂಟೆ ಮೀರಿದ ಕಥೆಯನ್ನು, 103 ನಿಮಿಷಕ್ಕೆ ತುರುಕಿದಾಗ ಮೊದಲು ಸತ್ತದ್ದು ನಗು. ಆಂಗ್ ಸರಣಿಯಲ್ಲಿ ಎದ್ದ ತಕ್ಷಣ ಕೇಳುವುದು ಪೆಂಗ್ವಿನ್ ಸವಾರಿಗೆ ಹೋಗೋಣವೇ ಎಂದು. ಸಿನಿಮಾದ ಆಂಗ್ ಹುಬ್ಬುಗಂಟಿಕ್ಕಿಕೊಂಡೇ ಎಚ್ಚರಾಗುತ್ತಾನೆ.

ಇದಕ್ಕಿಂತ ಮೂಲಭೂತವಾದ ಪೆಟ್ಟು ಬಿದ್ದದ್ದು ಚಲನೆಗೆ. ಸರಣಿಯಲ್ಲಿ ಪಾದ ನೆಲಕ್ಕೆ ಬಡಿದ ಕ್ಷಣವೇ ಬಂಡೆ ಏಳುತ್ತದೆ. ಮುಷ್ಟಿ ಚಾಚಿದ ಕ್ಷಣವೇ ಬೆಂಕಿ. ಮುದ್ರೆಗೂ ಅದರ ಅರ್ಥಕ್ಕೂ ನಡುವೆ ಸಂದಿಲ್ಲ. ನಾಟ್ಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ನಾಟ್ಯಧರ್ಮಿ. ಕೈ ಹೀಗೆ ಬಂದರೆ ಹೀಗೆಂದು ನೋಡುವವರೂ ಆಡುವವರೂ ಮಾಡಿಕೊಂಡ ಒಪ್ಪಂದ. ಸಿನಿಮಾದಲ್ಲಿ ಆ ಒಪ್ಪಂದ ಮುರಿಯಿತು. ಕೈದಿಗಳ ಹಳ್ಳಿಯ ದೃಶ್ಯದಲ್ಲಿ ಒಂದು ಗುಂಪು ಮಣ್ಣಿನ ಜನ ಸಾಲಾಗಿ ನಿಂತು ಕಾಲು ಬಡಿದು, ಕೈ ತಿರುಗಿಸಿ, ಉದ್ದನೆಯ ಕವಾಯತು ಮಾಡುತ್ತಾರೆ. ಅದು ಮುಗಿಯುವ ಹೊತ್ತಿಗೆ ಒಂದು ಕಲ್ಲು ಸಾವಕಾಶವಾಗಿ ಗಾಳಿಯಲ್ಲಿ ತೇಲಿ ಹೋಗುತ್ತದೆ. ಚಿತ್ರಮಂದಿರಗಳಲ್ಲಿ ಜನ ನಕ್ಕದ್ದು ಸಹಜವೇ. ವಿಪರ್ಯಾಸವೆಂದರೆ ಶ್ಯಾಮಲನ್ ಇಲ್ಲಿ ಕತ್ತರಿ ಹಾಕದೆ ಉದ್ದನೆಯ ಶಾಟ್‌ಗಳಲ್ಲಿ ಚಿತ್ರೀಕರಿಸಿದ್ದರು, ಅದು ಸರಿಯಾದ ಯೋಚನೆಯೇ ಆಗಿತ್ತು. ಮೈ ಪೂರ್ತಿ ಕಾಣಬೇಕು. ಕಂಡ ಮೈ ಮಾಡಿದ್ದಕ್ಕೆ ಫಲವೂ ಅಲ್ಲೇ ಕಾಣಬೇಕು.

ಅದೇ ದೃಶ್ಯದ ಇನ್ನೊಂದು ಎಡವಟ್ಟು ನೋಡಿ. ಸರಣಿಯ ‘ಇಂಪ್ರಿಸನ್ಡ್’ ಕಂತಿನಲ್ಲಿ ಮಣ್ಣು ಬಾಗಿಸುವವರನ್ನು ಬಂಧಿಸಿಟ್ಟದ್ದು ನಡುಗಡಲಿನ ಉಕ್ಕಿನ ಅಟ್ಟದ ಮೇಲೆ. ಸುತ್ತ ನೀರು, ಕಾಲಡಿ ಲೋಹ, ಹಿಡಿ ಮಣ್ಣಿಲ್ಲ. ಆಂಗ್ ಗಾಳಿಯ ಬಲದಿಂದ ಕೆಳಗಿನ ಕಲ್ಲಿದ್ದಲನ್ನು ಮೇಲೆ ತಳ್ಳಿ ಅವರ ಮುಂದೆ ರಾಶಿ ಹಾಕಿದರೂ ಮೊದಲು ಯಾರೂ ಅಲುಗುವುದಿಲ್ಲ. ಮುರಿದ ಮನಸ್ಸಿಗೆ ಆಯುಧ ಸಿಕ್ಕರೂ ಸಾಲದು ಎಂಬುದು ಆ ಕಂತಿನ ಹೃದಯ. ಸಿನಿಮಾದಲ್ಲಿ ಇವರನ್ನು ಕೂಡಿಹಾಕಿರುವುದು ಬೆಟ್ಟದ ಬುಡದ ಮಣ್ಣಿನ ನೆಲದ ಮೇಲೆಯೇ! ಆಂಗ್ ಬಂದು, ನಿಮ್ಮ ಕಾಲಡಿಯೇ ಮಣ್ಣಿದೆಯಲ್ಲ ಎಂದು ನೆನಪಿಸಬೇಕಾಗುತ್ತದೆ. ಉಕ್ಕಿನ ಅಟ್ಟ ಕಟ್ಟುವ ಖರ್ಚು ಉಳಿಯಿತೋ ಏನೋ, ವಸಾಹತುಶಾಹಿ ಒಂದು ಜನಾಂಗವನ್ನು ಅದರ ನೆಲದಿಂದ ಬೇರ್ಪಡಿಸಿ ಆಳುತ್ತದೆ ಎಂಬ ಅರ್ಥ ಮಾತ್ರ ಕಳೆದುಹೋಯಿತು. ಜೊತೆಗೆ ಅಗ್ನಿರಾಷ್ಟ್ರದವರು ತಾವಾಗಿ ಬೆಂಕಿ ಹುಟ್ಟಿಸಲಾರರು, ಪಕ್ಕದಲ್ಲಿ ಉರಿಯುತ್ತಿರುವ ಬೆಂಕಿ ಇರಲೇಬೇಕು ಎಂದೂ ಬದಲಿಸಿದರು. ಬೆಂಕಿ ಉಸಿರಿನಿಂದ ಬರುತ್ತದೆ ಎಂದು ಐರೊ ಕಲಿಸುವ ಪಾಠಕ್ಕೆ ಆಮೇಲೆ ಜಾಗವೇ ಇರಲಿಲ್ಲ.

2024ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ಎಂಟು ಕಂತುಗಳಲ್ಲಿ ಎರಡನೆಯ ಪ್ರಯತ್ನ ಮಾಡಿತು. ಮೂಲ ಸೃಷ್ಟಿಕರ್ತರಿಬ್ಬರೂ ಮೊದಲು ಜೊತೆಗಿದ್ದು 2020ರಲ್ಲಿ ಬಿಟ್ಟು ಹೋದರು. ಆಲ್ಬರ್ಟ್ ಕಿಮ್ ಮುಂದುವರಿಸಿದರು. ಮುಖಗಳ ಪ್ರಶ್ನೆ ಈ ಸಲ ಹೆಚ್ಚುಕಡಿಮೆ ಪರಿಹಾರವಾಯಿತು. ಗಾರ್ಡನ್ ಕಾರ್ಮಿಯೆ ಆಂಗ್, ಮೊಹಾಕ್ ಮೂಲದ ಕಿಯಾವೆಂಟಿಯೊ ಕಟಾರಾ, ಡಲ್ಲಾಸ್ ಲಿಯು ಜೂಕೊ, ಪಾಲ್ ಸನ್-ಹ್ಯುಂಗ್ ಲೀ ಐರೊ. ಹದಿನೈದು ವರ್ಷದ ಹಿಂದೆ ಪತ್ರ ಬರೆದ ಹುಡುಗ ಹುಡುಗಿಯರಿಗೆ ಇದರಲ್ಲಿ ಪಾಲಿದೆ. ಆದರೆ ಮುಖ ಸರಿಹೋದ ಮೇಲೆ ಬೇರೊಂದು ಸಮಸ್ಯೆ ಎದ್ದು ಕಂಡಿತು. ನನ್ನನ್ನು ಹೆಚ್ಚು ಕಾಡಿದ್ದು ಅದು.

ಮೂಲ ಸರಣಿಯ ಮೂರನೆಯ ಕಂತಿನಲ್ಲಿ ಆಂಗ್ ತನ್ನ ಹಳೆಯ ದೇವಾಲಯಕ್ಕೆ ಮರಳುತ್ತಾನೆ. ಇಲ್ಲಿ ಆಡುತ್ತಿದ್ದೆ, ಇಲ್ಲಿ ಮಲಗುತ್ತಿದ್ದೆ ಎಂದು ಕಟಾರಾಗೆ ತೋರಿಸುತ್ತ ಓಡಾಡುತ್ತಾನೆ. ಎಲ್ಲ ಖಾಲಿ. ಗೋಡೆಯ ಬದಿಯಲ್ಲಿ ಅಗ್ನಿರಾಷ್ಟ್ರದ ಒಂದು ಶಿರಸ್ತ್ರಾಣ ಬಿದ್ದಿದೆ. ಸೊಕ್ಕಾ ಕರೆದರೂ ಕಟಾರಾ ಅದನ್ನು ಆಂಗ್‌ನಿಂದ ಮುಚ್ಚಿಡುತ್ತಾಳೆ. ಆಮೇಲೆ ಅವನೇ ಒಂದು ಪಾಳು ಗುಡಿಸಿಲಿನ ಪರದೆ ಸರಿಸಿದಾಗ ಗ್ಯಾತ್ಸೊನ ಅಸ್ಥಿಪಂಜರ ಗೋಡೆಗೆ ಒರಗಿ ಕೂತಿದೆ, ಕೊರಳಲ್ಲಿ ಮರದ ಪದಕ ಹಾಗೇ ಇದೆ. ಸುತ್ತಲೂ ಅಗ್ನಿಸೈನಿಕರ ಎಲುಬು, ಕವಚ. ಕೊಂದದ್ದನ್ನು ನಮಗೆ ತೋರಿಸುವುದಿಲ್ಲ. ಒಬ್ಬ ಮುದಿ ಸನ್ಯಾಸಿ ಸಾಯುವ ಮೊದಲು ಎಷ್ಟು ಜನರನ್ನು ತಡೆದ ಎಂಬುದನ್ನು ನಾವೇ ಎಣಿಸಿಕೊಳ್ಳಬೇಕು. ನೂರು ವರ್ಷ ತಡವಾಗಿ ಬಂದವನಿಗೆ ಸಿಗುವುದು ಕುರುಹು ಮಾತ್ರ. ಚರಿತ್ರೆ ಓದುವ ನಮಗೂ ಅಷ್ಟೇ ಸಿಗುವುದು. ನೆಟ್‌ಫ್ಲಿಕ್ಸ್ ಇದನ್ನು ತಿರುಗಿಸಿ ಹಾಕಿತು. ದೇವಾಲಯದ ಮೇಲಿನ ದಾಳಿಯನ್ನು ಮೊದಲ ಕಂತಿಗೇ ತಂದು, ಸನ್ಯಾಸಿಗಳು ಉರಿದು ಬೀಳುವುದನ್ನು ಕಣ್ಣೆದುರೇ ತೋರಿಸಿತು. ದೊಡ್ಡವರ ಸಿನಿಮಾ ಎಂದರೆ ಹೀಗೆ ಎಲ್ಲವನ್ನೂ ತೋರಿಸಬೇಕು ಎಂದುಕೊಂಡರೇನೊ. ನನಗಂತೂ ಮಕ್ಕಳ ಕಾರ್ಟೂನೇ ಹೆಚ್ಚು ದೊಡ್ಡವರದ್ದೆನಿಸಿತು. ಆಂಗ್‌ಗೆ ಗೊತ್ತಾಗುವ ಮೊದಲು ನಮಗೆ ಗೊತ್ತಾಗಿಬಿಟ್ಟರೆ ಅವನು ಪರದೆ ಸರಿಸುವುದಕ್ಕೆ ಅರ್ಥವಿಲ್ಲ.

ಹೊಸ ಸರಣಿ ಇನ್ನೊಂದು ಕಡೆಯೂ ಹೆಚ್ಚು ಎಚ್ಚರ ವಹಿಸಿತು. ಹೆಣ್ಣುಮಕ್ಕಳ ಬಗ್ಗೆ ಸೊಕ್ಕಾನಿಗಿದ್ದ ತಾತ್ಸಾರವನ್ನು ಮೆದು ಮಾಡಿತು. ಮೂಲದಲ್ಲಿ ಅವನು ಕ್ಯೋಶಿ ದ್ವೀಪದ ಯೋಧೆಯರ ಕೈಯಲ್ಲಿ ಸೋತು, ಅವರದೇ ಉಡುಪು ತೊಟ್ಟು, ಬಣ್ಣ ಬಳಿದುಕೊಂಡು, ಶಿಷ್ಯನಾಗಿ ಕಲಿಯುತ್ತಾನೆ. ತಪ್ಪನ್ನೇ ತೆಗೆದರೆ ಕಲಿಯುವುದಕ್ಕೆ ಏನು ಉಳಿಯಿತು?

ಹಾಗಾದರೆ ಹೇಗೆ ಮಾಡಬೇಕಿತ್ತು? ನನ್ನ ಕೈಗೆ ಯಾರೂ ದುಡ್ಡು ಕೊಡುವುದಿಲ್ಲವಾದ್ದರಿಂದ ಧೈರ್ಯವಾಗಿ ಹೇಳಬಹುದು: 61 ಕಂತನ್ನು ಮರೆತು ಒಂದನ್ನು ತೆಗೆದುಕೊಳ್ಳಬೇಕು. ನಾನು ತೆಗೆದುಕೊಳ್ಳುವುದು ಎರಡನೆಯ ಪುಸ್ತಕದ ‘ಜೂಕೊ ಅಲೋನ್’, 2006ರದ್ದು. ಅದರಲ್ಲಿ ಆಂಗ್ ಇಲ್ಲ, ಅವತಾರದ ಮಹಿಮೆ ಇಲ್ಲ, ಹಾರುವ ಎತ್ತೂ ಇಲ್ಲ. ಅಪ್ಪನಿಂದಲೇ ಮುಖ ಸುಡಿಸಿಕೊಂಡು ಗಡೀಪಾರಾದ ರಾಜಕುಮಾರ, ಹಸಿದ ಹೊಟ್ಟೆಯಲ್ಲಿ, ತನ್ನ ಸೇನೆ ಹಾಳುಗೆಡವಿದ ನೆಲದ ಮೇಲೆ ಒಬ್ಬನೇ ಹೋಗುತ್ತಿದ್ದಾನೆ. ಒಂದು ಹಳ್ಳಿ. ಲೀ ಎಂಬ ಚೂಟಿ ಹುಡುಗ. ಹಂದಿ, ಕೋಳಿ ಸಾಕಿದ ಅವನ ಅಪ್ಪ ಅಮ್ಮ, ಯುದ್ಧಕ್ಕೆ ಹೋದ ಅಣ್ಣ. ಊರನ್ನು ಸುಲಿಯುತ್ತಿರುವವರು ಅಗ್ನಿರಾಷ್ಟ್ರದವರಲ್ಲ, ಊರು ಕಾಯಬೇಕಾದ ಸ್ವಂತ ಸೈನಿಕರೇ. ಹೆಸರು ಹೇಳದ ಅತಿಥಿ ಕೊಟ್ಟಿಗೆಯಲ್ಲಿ ಮಲಗುತ್ತಾನೆ, ಸೂರಿಗೆ ಮೊಳೆ ಹೊಡೆದು ಕೊಡುತ್ತಾನೆ, ಹುಡುಗನಿಗೆ ಕತ್ತಿ ಹಿಡಿಯುವುದನ್ನು ಹೇಳಿಕೊಡುತ್ತಾನೆ. ನಡುನಡುವೆ ಅರಮನೆಯ ನೆನಪು: ಕೊಳದ ಬಾತುಗಳಿಗೆ ರೊಟ್ಟಿ ಹಾಕುವ ತಾಯಿ, ಒಂದು ರಾತ್ರಿ ಅವಳು ಬಂದು ಎಬ್ಬಿಸಿ ಮುತ್ತಿಟ್ಟು ಹೋದದ್ದು, ಮತ್ತೆ ಕಾಣದ್ದು.

ಇಷ್ಟಕ್ಕೆ ನೂರು ನಿಮಿಷ ಬೇಕು, ಸಾಕು ಕೂಡ. ದೊಡ್ಡ ಎಫೆಕ್ಟು ಬೇಕಿಲ್ಲ, ಯಾಕೆಂದರೆ ಬೆಂಕಿ ಬರುವುದು ಒಂದೇ ಸಲ. ಕಿಂಗ್ ಹು ಅವರ ‘ಎ ಟಚ್ ಆಫ್ ಜೆನ್’ (1971) ನೋಡಿದವರಿಗೆ ಗೊತ್ತು, ಆ ಪರಂಪರೆಯ ಸಿನಿಮಾಗಳಲ್ಲಿ ಕಾದಾಟಕ್ಕಿಂತ ಕಾದಾಟಕ್ಕೆ ಮುಂಚಿನ ಕಾಯುವಿಕೆ ಉದ್ದ. ಜೂಕೊ ಆಗುವ ನಟ ಉತ್ತರ ಶಾವೊಲಿನ್ ವರಸೆಯನ್ನು ವರ್ಷಗಟ್ಟಲೆ ಕಲಿತಿರಬೇಕು, ಕಲಿತದ್ದನ್ನು ಸಿನಿಮಾದ ಮುಕ್ಕಾಲು ಪಾಲು ಬಚ್ಚಿಟ್ಟುಕೊಂಡಿರಬೇಕು. ಮೊಳೆ ಹೊಡೆಯುವಾಗ, ಅನ್ನ ಉಣ್ಣುವಾಗ ಆ ಬಚ್ಚಿಟ್ಟ ವಿದ್ಯೆ ಭುಜದಲ್ಲಿ ಕಾಣಿಸಬೇಕು. ಗೆರೆಗೆ ಇದು ಆಗದು; ಅದು ಕಾಣಿಸಿದರೆ ಪೂರ್ತಿ ಕಾಣಿಸುತ್ತದೆ, ಇಲ್ಲವೆಂದರೆ ಇಲ್ಲವೇ ಇಲ್ಲ. ಅಡಗಿಸಿಟ್ಟದ್ದು ಮೈಯಿಂದ ಸೋರುವುದನ್ನು ಹಿಡಿಯಲು ಮನುಷ್ಯರ ಮೈಯೇ ಬೇಕು, ಅದರ ಎದುರು ಸುಮ್ಮನೆ ನಿಲ್ಲುವ ಕ್ಯಾಮೆರಾ ಬೇಕು.

ಕೊನೆಯ ಹತ್ತು ನಿಮಿಷವನ್ನು ನಾನು ಒಂದಕ್ಷರ ಬದಲಿಸುವುದಿಲ್ಲ. ಸೈನಿಕರು ಲೀಯನ್ನು ಕಂಬಕ್ಕೆ ಕಟ್ಟಿದ್ದಾರೆ. ಜೂಕೊ ಎರಡು ಕತ್ತಿ ಹಿಡಿದು ಬರುತ್ತಾನೆ, ಇಡೀ ಊರು ಅವನ ಪರ. ಬಂಡೆಯೇಟಿಗೆ ಬಿದ್ದವನು ತಾಯಿಯ ಮುಖ ನೆನೆದು ಮೇಲೆದ್ದಾಗ ಸುತ್ತಲೂ ಬೆಂಕಿ ಹರಿಯುತ್ತದೆ. ಸೈನಿಕನೇನೋ ಸೋತ. ಊರು ಸ್ತಬ್ಧ. ಜೂಕೊ ತನ್ನ ನಿಜವಾದ ಹೆಸರು ಹೇಳುತ್ತಾನೆ, ಅಮ್ಮನ ಹೆಸರು ಹೇಳಿ, ಅಪ್ಪನ ಹೆಸರು ಹೇಳಿ. ಒಬ್ಬ ಮುದುಕ ಥೂ ಎನ್ನುವಂತೆ ಕೂಗುತ್ತಾನೆ. ಜೂಕೊ ಮಂಡಿಯೂರಿ, ಐರೊ ತನಗೆ ಕೊಟ್ಟಿದ್ದ ಚೂರಿಯನ್ನು ಹುಡುಗನ ಮುಂದೆ ಹಿಡಿಯುತ್ತಾನೆ. ಹುಡುಗ ತೆಗೆದುಕೊಳ್ಳುವುದಿಲ್ಲ. ನಿನ್ನನ್ನು ಕಂಡರೆ ಆಗುವುದಿಲ್ಲ ಎಂದು ಹೇಳಿ ಅಮ್ಮನ ಕಡೆ ತಿರುಗುತ್ತಾನೆ. ಇವನು ಹಕ್ಕಿಕುದುರೆ ಹತ್ತಿ, ಎರಡೂ ಬದಿಗೆ ಸಾಲಾಗಿ ನಿಂತ ಜನರ ನಡುವಿನಿಂದ, ಯಾರ ಮುಖವನ್ನೂ ನೋಡದೆ ಹೊರಟುಹೋಗುತ್ತಾನೆ.